ಮಿಲ್ಕಾ ಸಿಸ್ಟರ್ ಒಪ್ಪಿಸಿ ಹೋದದ್ದು

ನ್ಯಾಮತಿಯಲ್ಲಿ ಮಿಲ್ಕಾ ಪೆಣ್ಕರ್ ಅವರನ್ನು ಎಲ್ಲರೂ ಕ್ರಿಶ್ಚಿಯನ್ ಎಂದೇ ತಿಳಿದಿದ್ದರು. ಆಸ್ಪತ್ರೆಯ ನರ್ಸು, ಹೆಸರು ಬೇರೆ ಹಾಗಿದೆ, ಕುತ್ತಿಗೆಯಲ್ಲಿ ತಾಳಿ ಇಲ್ಲ. ಜನರಿಗೆ ಅಷ್ಟು ಸಾಕಾಯಿತು. ಆದರೆ ಅವರು ಯೆಹೂದಿ. ಕೊಂಕಣ ಕರಾವಳಿಯಿಂದ ಹುಬ್ಬಳ್ಳಿಗೆ ರೈಲ್ವೆ ಕೆಲಸಕ್ಕೆ ಬಂದ ಮನೆತನ. ಅವರ ಕಡೆಯವರು ಒಬ್ಬೊಬ್ಬರಾಗಿ ಇಸ್ರೇಲಿಗೆ ಹೋದರು, ಇವರು ಹೋಗಲಿಲ್ಲ. ಏಕೆಂದು ಕೇಳಿದವರಿಗೆ "ಡ್ಯೂಟಿ ಇತ್ತು" ಎನ್ನುತ್ತಿದ್ದರು.

ಶುಕ್ರವಾರ ಸಂಜೆ ದೀಪ ಹಚ್ಚುತ್ತಿದ್ದರು. ಶನಿವಾರ, ಅವರ ಧರ್ಮದ ಬಿಡುವಿನ ದಿನ, ಒಲೆ ಹೊತ್ತಿಸದೆ ತಂಗಳನ್ನೇ ಉಣ್ಣುತ್ತಿದ್ದರು. ಬಾಡಿಗೆ ಮನೆಯ ಒಡತಿ ಕಲ್ಲಮ್ಮ ಅದನ್ನು ಶನಿದೇವರ ವ್ರತ ಎಂದುಕೊಂಡು ವರ್ಷಗಟ್ಟಲೆ ಎಳ್ಳೆಣ್ಣೆ ತಂದುಕೊಟ್ಟರು. ಮಿಲ್ಕಾ ತಿದ್ದಲಿಲ್ಲ. ಎಣ್ಣೆ ದೀಪಕ್ಕಾಯಿತು.

ತಮ್ಮ ಧರ್ಮದ ರೀತಿಯಲ್ಲಿ ಕುರಿ ಕೋಳಿ ಕೊಯ್ಯುವವರಿಲ್ಲದ ಊರಿನಲ್ಲಿ ಅವರು ಮಾಂಸ ಮುಟ್ಟಲಿಲ್ಲ. ಹೊರಗೆ ಉಂಡದ್ದು ಕಲ್ಲಮ್ಮನ ಮನೆಯಲ್ಲಿ ಮಾತ್ರ. ಲಿಂಗಾಯತರ ಅಡುಗೆಮನೆ, ಮಾಂಸ ಕಂಡದ್ದಲ್ಲ. ಆದರೂ ಯಾವ ಪಾತ್ರೆ, ಯಾವ ಎಣ್ಣೆ ಎಂದು ಅವರು ಒಮ್ಮೆಯೂ ಕೇಳಿದವರಲ್ಲ. ಯೆಹೂದಿಗಳಲ್ಲಿ ಊಟದ ಕಟ್ಟಳೆಗಳು ಬಹಳ. ಕಟ್ಟಳೆ ಎಷ್ಟೇ ಇರಲಿ, ಕೊನೆಗೆ ಅಡುಗೆ ಮಾಡಿದವರ ಮಾತನ್ನು ನಂಬಿಯೇ ತುತ್ತು ಎತ್ತಬೇಕು. ಊರೂ ಅವರನ್ನು ಹಾಗೆಯೇ ನಂಬಿತ್ತು. ಹೆರಿಗೆ ಕೋಣೆಯ ಬಾಗಿಲು ಮುಚ್ಚಿದರೆ ಹೊರಗಿನವರು ಕೂತು ಕಾಯುತ್ತಿದ್ದರು. ಈಗ ಆ ಬಾಗಿಲ ಹೊರಗೆ ಕ್ಯಾಮೆರಾ ಇದೆ, ಸಹಿ ಹಾಕಲು ಕಾಗದಗಳಿವೆ; ಜಗಳವೂ ಇದೆ.

ಆ ಕೋಣೆಯಲ್ಲಿ ಅವರ ಜೊತೆ ದುಡಿದ ಆಯಾ ರಹಮತ್‌ಬೀ. ಊರಿನಲ್ಲಿ ಮುಸ್ಲಿಂ ಹೆಂಗಸರು ತೀರಿಕೊಂಡರೆ ಮೈ ತೊಳೆಸಲು ಕರೆಯುವುದು ಆಕೆಯನ್ನೇ. ನಿವೃತ್ತಿಯಾಗಿ ಎಷ್ಟೋ ಕಾಲದ ಮೇಲೆ ಕಿಡ್ನಿ ಕೆಟ್ಟು ಹಾಸಿಗೆ ಹಿಡಿದ ಮಿಲ್ಕಾ ಆಕೆಯನ್ನು ಕರೆಸಿದರು.

"ರಹಮತ್, ನನ್ನ ಮೈ ನೀನೇ ತೊಳೀಬೇಕು."

"ಏನ್ ಮಾತ್ರೀ ಸಿಸ್ಟರ್ ಇದು! ನೀವು ಹೋದ್ರೆ ನನ್ನ ಬೈಯಾಕೆ ಯಾರದಾರೆ?"

"ಬೈದಿದ್ದು ಸಾಕು, ಕೇಳಿಲ್ಲಿ. ಬಿಳಿ ಬಟ್ಟೆ ಸುತ್ತು. ಹೂವು ಬ್ಯಾಡ. ಮಣ್ಣಾಗೆ ಮಲಗಿಸ್ರಿ. ನಮ್ಮ ಪ್ರಾರ್ಥನೆ ಹೇಳಾಕೆ ಹತ್ತು ಮಂದಿ ಯೆಹೂದಿ ಗಂಡಸರು ಬೇಕು. ಇಲ್ಲಿ ಒಬ್ಬರೂ ಇಲ್ಲ. ಅದಕ್ಕೇ ಯಾರೂ ಏನೂ ಹೇಳಬ್ಯಾಡ್ರಿ. ನೀನೂ ಹೇಳಬ್ಯಾಡ."

"ನಾನೊಂದು ದುವಾ ಮಾಡಿದ್ರೆ ಏನ್ ಹೋಗತೈತೆ?"

"ಅದು ನಿಂದು, ಚಲೋನೇ ಐತೆ. ನಾನು ನಮ್ಮೋರ ಹತ್ರ ನಮ್ಮೋಳಾಗೇ ಹೋಗಬೇಕು."

ರಹಮತ್‌ಬೀಗೆ ಸಿಟ್ಟು ಬಂತು. "ನೀವು ಹೋದ ಮ್ಯಾಲೆ ನಾನು ಹೇಳಿದ್ರೆ ನಿಮಗೆ ಹೆಂಗೆ ಗೊತ್ತಾಗತೈತೆ?"

"ಗೊತ್ತಾಗಲ್ಲ. ಅದಕ್ಕೇ ನಿನಗೆ ಹೇಳಿದ್ದು."

ಆಕೆ ಮಾತು ಕೊಟ್ಟಳು. ಪ್ರಾರ್ಥನೆಯಿಲ್ಲದೆ ಮಣ್ಣಿಗೆ ಹೋದ ಜೀವ ಬರಿಗೈಯಲ್ಲಿ ಹೋಗುತ್ತದೆ ಎಂಬುದು ಆಕೆಯ ನಂಬಿಕೆ. ಗೆಳತಿಯನ್ನು ತಾನೇ ಬರಿಗೈಯಲ್ಲಿ ಕಳಿಸುತ್ತೇನೆಂದು ಒಪ್ಪಿಕೊಂಡಂತಾಯಿತು.

ಕಾರ್ತೀಕದ ಒಂದು ಬೆಳಿಗ್ಗೆ ಮಿಲ್ಕಾ ತೀರಿಕೊಂಡರು. ಇಸ್ರೇಲಿನಲ್ಲಿದ್ದ ತಮ್ಮನ ಮಕ್ಕಳ ಫೋನ್ ನಂಬರು ಬದಲಾಗಿತ್ತು. ಸುದ್ದಿ ತಿಳಿದು ಕೆಲವು ಕ್ರಿಶ್ಚಿಯನ್ನರು, ಒಳ್ಳೆಯ ಮನಸ್ಸಿನಿಂದಲೇ, ಪೆಟ್ಟಿಗೆ ತರಿಸುವುದಾಗಿ ಹೇಳಿಕೊಂಡು ಬಂದರು. ರಹಮತ್‌ಬೀ ಬಾಗಿಲಲ್ಲಿ ನಿಂತಳು.

"ಇವರು ನಿಮ್ಮೋರಲ್ಲ ಕಣ್ರೀ. ನಮ್ಮೋರೂ ಅಲ್ಲ."

"ಮತ್ಯಾರೋರು?"

ಆಕೆ ಬಾಗಿಲಿನಿಂದ ಸರಿಯಲಿಲ್ಲ. ಕಲ್ಲಮ್ಮನ ಗಂಡ ಕೊಟ್ರಬಸಪ್ಪ ಹೆಗಲಿನ ಟವೆಲ್ ಕೊಡವಿ ಎದ್ದರು. "ಗೋವಿನಕೋವಿ ರಸ್ತೇಲಿ ನಮ್ಮ ಹೊಲ ಐತೆ. ನಮ್ಮಪ್ಪ ಅವ್ವನ್ನ ಅಲ್ಲೇ ಮಣ್ಣು ಮಾಡಿದ್ದು. ಇವರೂ ಅಲ್ಲೇ ಇರಲಿ, ನಡೀರಿ."

ಮೈ ತೊಳೆಯುವಾಗ ರಹಮತ್‌ಬೀ ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ. ಆಕೆಯ ಕಡೆ ಹೆಂಗಸರು ಮಣ್ಣು ಮಾಡುವ ಜಾಗಕ್ಕೆ ಹೋಗುವ ರೂಢಿಯಿಲ್ಲ. ಆಕೆ ಹೋದಳು.

ಹೊಲದಲ್ಲಿ ಕುಣಿ ಸಿದ್ಧವಾಗಿತ್ತು. ಚೌಕ, ಆಳ, ಒಂದು ಬದಿಗೆ ಗೂಡು. ತೋಡಿದವರು ಲಿಂಗಾಯತರ ಹೆಣವನ್ನು ಕೂರಿಸಲು ತೋಡುವಂತೆಯೇ ತೋಡಿದ್ದರು. ಅವರಿಗೆ ಬೇರೆ ಬಗೆ ಗೊತ್ತಿರಲಿಲ್ಲ, ಹೇಳಿದವರೂ ಇರಲಿಲ್ಲ.

"ಅಯ್ಯೋ, ಇದು ಕುಂಡ್ರಿಸೋ ಕುಣಿ!" ಎಂದಳು ರಹಮತ್‌ಬೀ.

"ಮರೆತೆ ಕಣವ್ವಾ," ಎಂದರು ಕೊಟ್ರಬಸಪ್ಪ.

ಹಾರೆ ಹಿಡಿದವನೊಬ್ಬ ಹೇಳಿದ: "ಕುಂಡ್ರಿಸಿದ್ರೆ ಏನಾತು ಬಿಡ್ರಿ. ಆಸ್ಪತ್ರ್ಯಾಗೆ ಆಯಮ್ಮ ಒಂದ್ ದಿನ ಕುಂತಿದ್ದು ನೋಡ್ಲಿಲ್ಲ. ಈಗಾದ್ರೂ ಕುಂದರ್ಲಿ."

ಇಬ್ಬರು ಮೂವರು ನಕ್ಕರು. ರಹಮತ್‌ಬೀಗೂ ನಗು ಬಂತು, ನಗುವಿನಲ್ಲೇ ಅಳು ಬಂತು. "ಮಲಗಿಸ್ತೀನಿ ಅಂತ ಮಾತು ಕೊಟ್ಟೀನಪ್ಪಾ. ತೋಡ್ರಿ."

ಪಕ್ಕದಲ್ಲೇ ಉದ್ದಕ್ಕೆ ತೋಡಿದರು. ಹೊತ್ತು ಇಳಿಯಿತು. ಮಲಗಿಸಿದರು. ಆಮೇಲೆ ಎಲ್ಲರೂ ರಹಮತ್‌ಬೀಯ ಮುಖ ನೋಡಿದರು.

ಕಲ್ಲಮ್ಮ ಮೊಣಕೈಯಿಂದ ತಿವಿದರು. "ಏನಾರ ಹೇಳೇ. ಯಾವ ದೇವರಾದ್ರೂ ಆಗಲಿ. ನಾಯಿ ಮುಚ್ಚಿದಂಗೆ ಸುಮ್ನೆ ಮುಚ್ಚತಾರೇನು?"

ರಹಮತ್‌ಬೀಯ ತುಟಿ ಅಭ್ಯಾಸಬಲದಿಂದ ಆಡಿತು. ಆಕೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಮಣ್ಣು ಬೀಳುವ ಸದ್ದು ಮುಗಿಯುವ ತನಕ ತೆಗೆಯಲಿಲ್ಲ.

ಊರಿಗೆ ಇದು ಹಿಡಿಸಲಿಲ್ಲ. ಅಷ್ಟು ಹೆರಿಗೆ ಮಾಡಿಸಿದ ಹೆಂಗಸಿಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲವೆಂದು ಜನ ಆಡಿಕೊಂಡರು. ಕಲ್ಲಮ್ಮ ಬಹಳ ದಿನ ಆಕೆಯೊಡನೆ ಮಾತು ಬಿಟ್ಟಿದ್ದರು.

ಮನೆಯಲ್ಲಿ ನಮಾಜು ಮುಗಿಸಿ ಆಕೆ ತೀರಿಹೋದ ತನ್ನವರಿಗಾಗಿ ಒಬ್ಬೊಬ್ಬರ ಹೆಸರು ಹಿಡಿದು ಬೇಡುತ್ತಾಳೆ. ಅವ್ವ, ಗಂಡ, ಹುಟ್ಟಿದ ಮೂರನೆಯ ದಿನ ಹೋದ ಮಗು. ಮಗುವಿನ ನಂತರ ಮಿಲ್ಕಾ ಸಿಸ್ಟರ್ ಹೆಸರು ನಾಲಿಗೆಯ ತುದಿಗೆ ಬರುತ್ತದೆ. ಕೊಟ್ಟ ಮಾತು ಹೊಲದ ಮಟ್ಟಿಗೆ ಮಾತ್ರವೋ, ಮನೆಯಲ್ಲೂ ನಡೆಸಬೇಕೋ ಎಂದು ಸಿಸ್ಟರ್ ಇದ್ದಾಗ ಕೇಳಿಕೊಂಡಿರಲಿಲ್ಲ. ಆ ಹೆಸರನ್ನು ಬಿಟ್ಟು, ಹರಡಿದ ಕೈಗಳನ್ನು ಮುಖಕ್ಕೆ ಒರೆಸಿಕೊಂಡು ಏಳುತ್ತಾಳೆ.