ನೀಲಿ ಕಡಿಮೆಯಿದ್ದ ಹಾಳೆ

ಸಂಗಪ್ಪ ಕಾಕಾರ ಕಣ್ಣು ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಮಷಿನ್. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

ಬನಹಟ್ಟಿಯಲ್ಲಿ ನನ್ನದೊಂದು ಪ್ರಿಂಟಿಂಗ್ ಅಂಗಡಿ. ಆಳೆತ್ತರದ ಹಾಳೆಗೂ ಬಣ್ಣ ಹಾಕುವ ದೊಡ್ಡ ಇಂಕ್‌ಜೆಟ್ ಮಷಿನ್ ಇದೆ. ಮಗ್ಗದ ಮಾಲೀಕರು ಕಂಪ್ಯೂಟರಿನಲ್ಲಿ ಮಾಡಿಸಿದ ಸೀರೆಯ ಚಿತ್ರ ತರುತ್ತಾರೆ. ನಾನು ಅದನ್ನು ಸೀರೆಯ ಅಳತೆಗೇ ಅಚ್ಚು ತೆಗೆದು ಕೊಡುತ್ತೇನೆ. ಆ ಹಾಳೆ ನೋಡಿ ನೂಲಿಗೆ ಬಣ್ಣ ಹಾಕುವವರಲ್ಲಿ ಸಂಗಪ್ಪ ಕಾಕಾ ಹಿರಿಯರು. ಒದ್ದೆ ನೂಲನ್ನು ಬಿಸಿಲಿಗೆ ಹಿಡಿದು, ಒಣಗಿದ ಮೇಲೆ ಅದು ಏನಾಗುತ್ತದೆಂದು ಹೇಳುತ್ತಿದ್ದರು.

ಬೆಳಿಗ್ಗೆ ಮಷಿನ್ ಚಾಲೂ ಮಾಡಿದಾಗ ಮೊದಲು ಪರೀಕ್ಷೆಯ ಗೆರೆಗಳನ್ನು ತೆಗೆದು ನೋಡಬೇಕು. ಆ ದಿನ ನೀಲಿಯ ಗೆರೆಗಳು ಅಲ್ಲಲ್ಲಿ ತುಂಡಾಗಿದ್ದವು. ಇಂಕು ಉಗುಳುವ ರಂಧ್ರಗಳು ಕಟ್ಟಿಕೊಂಡಿದ್ದವು. ತೊಳೆದು, ಕಾದು, ಮತ್ತೆ ನೋಡಬೇಕಿತ್ತು. ಬಾಗಿಲಲ್ಲಿ ಕಾಕಾ ಕೆಲಸ ಮಾಡುತ್ತಿದ್ದ ಮಗ್ಗದ ಮಾಲೀಕರು ಅವಸರ ಮಾಡುತ್ತಿದ್ದರು. ನಾನು ಅವರ ಸೀರೆಯ ಹಾಳೆಯನ್ನು ಹಾಗೇ ತೆಗೆದುಕೊಟ್ಟೆ. ಆಲಸ್ಯ — ಅದಕ್ಕೆ ಬೇರೆ ಹೆಸರಿಲ್ಲ.

ಮರುದಿನ ಕಾಕಾ ಆ ಹಾಳೆ ಹಿಡಿದು ಬಂದರು.

"ಸುವರ್ಣಾ, ಮಾಲಕರು ನೇರಳಿ ಹಣ್ಣಿನ ಬಣ್ಣ ಅಂದಾರ. ಇದರಾಗ ನೀಲಿ ಕಡಿಮಿ ಆಗೇತಿ ನೋಡವಾ."

"ಮಷಿನ್ ತಪ್ಪಂಗಿಲ್ರಿ ಕಾಕಾ. ನಿಮ್ಮ ಕಣ್ಣ ಒಮ್ಮೆ ತೋರಿಸ್ಕೊಂಡ ಬರ್ರಿ."

ನಗುತ್ತಲೇ ಹೇಳಿದ್ದೆ. ಅವರೂ ನಕ್ಕರು. ಹೋಗಿ, ನನ್ನ ಹಾಳೆಯಲ್ಲಿದ್ದ ಹಾಗೆಯೇ ಬಣ್ಣ ಹಾಕಿದರು.

ಹೇಳಿದ ಬಣ್ಣ ಇದಲ್ಲವೆಂದು ಸೀರೆಗಳನ್ನೆಲ್ಲ ಪೇಟೆಯ ವ್ಯಾಪಾರಿ ವಾಪಸ್ ಕಳಿಸಿದ. ಮಾಲೀಕರು ಬೆಳಿಗ್ಗೆ ಆ ಹಾಳೆಯನ್ನು ನನ್ನ ಅಂಗಡಿಗೆ ಕಳಿಸಿ, ಮಧ್ಯಾಹ್ನ ಕಾಕಾರನ್ನು ಕರೆದುಕೊಂಡು ಬರುತ್ತೇನೆ ಎಂದರು. ಒಪ್ಪಿಕೊಳ್ಳಲು ಅಷ್ಟು ಹೊತ್ತಿತ್ತು ನನಗೆ. ಆ ಹೊತ್ತಿನಲ್ಲಿ ನಾನು ಮಾಡಿದ್ದೇನೆಂದರೆ — ರಂಧ್ರಗಳನ್ನು ತೊಳೆದೆ, ನೀಲಿಯ ಗೆರೆಗಳು ಕೂಡುವವರೆಗೆ ತೊಳೆದೆ, ಅದೇ ಚಿತ್ರವನ್ನು ಮತ್ತೆ ತೆಗೆದೆ. ಹಳೆಯದರಂತೆ ಕಾಣಲೆಂದು ಮಡಚಿ ಮಡಿಕೆಗಳನ್ನು ಉಗುರಿನಿಂದ ತಿಕ್ಕಿದೆ. ಹಳೆಯದನ್ನು ಒಲೆಗೆ ಹಾಕಿದೆ.

ಮಧ್ಯಾಹ್ನ ಮೇಜಿನ ಮೇಲೆ ಹೊಸ ಹಾಳೆ, ಕಾಕಾ ಬಣ್ಣ ಹಾಕಿದ ನೂಲು ಎರಡೂ ಅಕ್ಕಪಕ್ಕ ಇದ್ದವು. ಹಾಳೆ ನೇರಳೆ ಹಣ್ಣು. ಕಾಕಾರ ನೂಲು ದಾಳಿಂಬೆಯ ಕೆಂಪಿಗೆ ತಿರುಗಿದ್ದು. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ನಾ ನೋಡಿದ್ದು ಹಿಂಗ ಇರಲಿಲ್ಲಲ್ಲ…"

ನನ್ನ ಮುಖ ನೋಡಿದರು. ನಾನು — ನಾನು ಯಾವುದೋ ಬ್ಯಾನರ್ ಸುತ್ತುತ್ತಿದ್ದೆ.

"ವಯಸ್ಸಾತು ಸಂಗಪ್ಪ, ಇನ್ನ ಸಾಕ ಮಾಡು" ಎಂದರು ಮಾಲೀಕರು.

ಜಮಖಂಡಿಯ ಕಣ್ಣಿನ ಡಾಕ್ಟರು ಏನೂ ಆಗಿಲ್ಲ ಎಂದರಂತೆ. ಕಾಕಾ ನಂಬಿದ್ದು ಡಾಕ್ಟರನ್ನಲ್ಲ, ನನ್ನ ಹಾಳೆಯನ್ನು. ಮತ್ತೆ ಅವರು ಬಣ್ಣದ ಕೆಲಸಕ್ಕೆ ಕೈ ಹಾಕಲಿಲ್ಲ. ಅಂಗಿಯನ್ನೂ ಬಣ್ಣ ಯಾವುದೆಂದು ಸೊಸೆಯನ್ನು ಕೇಳಿ ಹಾಕಿಕೊಳ್ಳುತ್ತಾರೆಂದು ಕೇಳಿದ್ದೆ. ಕೇಳಿಯೂ ನನ್ನ ಕೆಲಸ ನೋಡಿಕೊಂಡೆ.

ಹೋದ ವಾರ ಅಂಗಡಿಯ ಮುಂದೆ ಹಾಯುತ್ತಿದ್ದ ಕಾಕಾ ಒಳಗೆ ಬಂದರು. ಮೊಮ್ಮಗಳಿಗೆಂದು ಕೊಂಡ ಕುಬುಸದ ಖಣ ಮುಂದೆ ಹಿಡಿದು, "ಇದು ಹಸರ ಹೌದಲ್ಲವಾ? ಹಸರ ಬೇಕಂತ ಹಟ ಹಿಡದೈತಿ" ಎಂದರು. ಎಳೆ ಮಗುವೂ ಹೇಳಬಹುದಾದ ಗಿಳಿ ಹಸಿರು. ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಒಲೆಯದ್ದೂ.

"ಹಂಗಾರ ಅವತ್ತು ನೀಲಿ ಕಡಿಮಿನ ಇತ್ತು?"

"ಇತ್ತರಿ ಕಾಕಾ."

"ಖರೇನ?"

"ಖರೇರಿ."

ಬೈಯಲಿಲ್ಲ. ಖಣ ಮಡಚಿಕೊಂಡು ಎದ್ದು ಹೋದರು.

ಮಾಲೀಕರಿಗೂ ಹೋಗಿ ಹೇಳಿದೆ. "ಹಳೇ ಮಾತು ಈಗ್ಯಾಕ, ಬಿಡವಾ" ಎಂದು ಚಹಾ ತರಿಸಿದರು. ಕುಡಿಯದೆ ಎದ್ದು ಬಂದೆ. ಬಿಡು ಎನ್ನಲು ಆ ಒಂಬತ್ತು ವರ್ಷ ಅವರದೂ ಅಲ್ಲ, ನನ್ನದೂ ಅಲ್ಲ.

ಕಾಕಾರ ಮನೆಗೆ ಎರಡು ಸಲ ಹೋದೆ. ಎರಡು ಸಲವೂ ಸೊಸೆ ಬಾಗಿಲಲ್ಲೇ ನಿಂತು, "ಮಲಗ್ಯಾರ್ರಿ" ಎಂದಳು. ಒಳಗೆ ಅವರು ಕೆಮ್ಮುವುದು ಕೇಳಿಸುತ್ತಿತ್ತು. ನಾಳೆ ಮತ್ತೆ ಹೋಗುತ್ತೇನೆ. ಅವರು ಎದ್ದು ಬರಲೇಬೇಕೆಂದಿಲ್ಲ.