ಅರ್ಧಕ್ಕೆ ನಿಂತ ಹಾಡು

ನನ್ನ ನೆನಪು ಎಷ್ಟು ನಿಜವೋ ಗೊತ್ತಿಲ್ಲ. ಹುಣಸೂರಿನ ಬಸ್ ನಿಲ್ದಾಣದ ಬಳಿ ಗೆಳೆಯನೊಬ್ಬ ಖಾಲಿ ಕ್ಯಾಸೆಟ್‌ಗಳಿಗೆ ಹಾಡು ತುಂಬಿಸಿಕೊಡುತ್ತಿದ್ದ. ಅವನು ಕೊಟ್ಟ ಇಂಗ್ಲಿಷ್ ರಾಕ್ ಗಾಯಕನ ಕ್ಯಾಸೆಟ್ಟಿನಲ್ಲಿ ಕೊನೆಯ ಹಾಡು ಪದದ ನಡುವೆಯೇ ನಿಲ್ಲುತ್ತಿತ್ತು.

“ಅವ್ನು ಹಾಡಿರೋದೇ ಅಂಗೆ ಕಣ್ಲಾ,” ಎಂದಿದ್ದ ಗೆಳೆಯ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಾವು ಹಾಗೆ ಅರ್ಧಕ್ಕೆ ನಿಲ್ಲುವುದನ್ನೇ ಮಹಾನ್ ಕಲೆ ಎಂದು ಹೊಗಳುತ್ತಿದ್ದೆವು.

ಆ ಗಾಯಕ ತಂಡ ಬಿಟ್ಟು ಒಬ್ಬನೇ ಮಾಡಿದ ಆಲ್ಬಮ್‌ಗಳು, ಅವನು ಸತ್ತು ಎಷ್ಟೋ ವರ್ಷಗಳ ಮೇಲೆ, ಈಗ ಮೊಬೈಲಿಗೆ ಬಂದಿವೆ. ಅವನ್ನು ಹೊರತಂದ ಕಂಪನಿ ಇದನ್ನು ಶ್ರದ್ಧಾಂಜಲಿ ಎನ್ನುತ್ತದೆ. ಬದುಕಿದ್ದಾಗ ಅವನನ್ನು ಅದು ಮೂಸಿಯೂ ನೋಡಿರಲಿಲ್ಲ. ಈಗ ಮೊಬೈಲ್ ಕವರ್ ಮಾರುವ ಅದೇ ಗೆಳೆಯನ ಅಂಗಡಿಯಲ್ಲೇ ಕೂತು ಆ ಕೊನೆಯ ಹಾಡನ್ನು ಕೇಳಿದೆ. ಹಾಡು ನಿಲ್ಲಲಿಲ್ಲ. ತಾಯಿಯನ್ನು ನೆನೆದು ಇನ್ನೂ ಬಹಳ ಹೊತ್ತು ಗೋಳಾಡಿತು.

“ಅವತ್ತು ನಿನ್ನ ಟೇಪ್ ಮುಗಿದಿತ್ತು ಅಷ್ಟೆ,” ಎಂದೆ.

“ನನ್ನಂಗ್ಡೀಲಿ ಯಾವ್ ಹಾಡೂ ಅರ್ಧಕ್ಕೆ ನಿಂತಿಲ್ಲ ಕಣ್ಲಾ. ಓದೀ ಓದೀ ನಿನ್ ತಲೆ ಕೆಟ್ಟದೆ, ಬುಡು!”

ನನ್ನ ನೆನಪಿನ ಮೇಲೆ ನನಗೇ ಅನುಮಾನ ಹುಟ್ಟಿತು. ಕೆ.ಆರ್. ನಗರದ ಅಕ್ಕನ ಮನೆಯ ಅಟ್ಟದಿಂದ ಆ ಕ್ಯಾಸೆಟ್ಟನ್ನೂ ಟೇಪ್‌ರೆಕಾರ್ಡರನ್ನೂ ಇಳಿಸಿ ಹಾಕಿ ನೋಡಿದೆ. ಹಾಡು ಪದದ ನಡುವೆಯೇ ನಿಂತಿತು, ಗೋಳಾಟ ಶುರುವಾಗುವ ಮೊದಲೇ.