ಕಾಟಾದ ಮೇಲೆ ಸಮೃದ್ಧಿ

ನಿಮ್ಮ ಮನೆಗೆ ನೆಂಟರು ಬಂದರೆ ಏನು ಮಾಡುತ್ತೀರಿ? ನೀರು ಕೊಡುತ್ತೀರಿ, ಚಹಾ ಕೊಡುತ್ತೀರಿ. ಬನಹಟ್ಟಿಯ ನಮ್ಮ ಅಣ್ಣನ ಮನೆಯಲ್ಲಿ ಮೊಮ್ಮಗಳನ್ನು ತೂಗಿ ತೋರಿಸುತ್ತಾರೆ.

ತಮಾಷೆಯಲ್ಲ. ಮೊನ್ನೆ ರವಿವಾರ ಜಮಖಂಡಿಯಿಂದ ಬಸ್ ಹಿಡಿದು ಹೋಗಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದೆ ಅಷ್ಟೇ. ಪವರ್‌ಲೂಮುಗಳ ಖಟಪಟದ ಮೇಲೆ ಅಣ್ಣನ ದನಿ ಕೇಳಿತು.

"ಏ ಪಾವಕಿಲೋ, ಬಾ ಇಲ್ಲೆ! ಕಾಟಾದ ಮ್ಯಾಲ ನಿಂದರ!"

ಪಾವಕಿಲೋ, ಅಂದರೆ ಕಾಲು ಕಿಲೋ, ಆ ಮೊಮ್ಮಗಳೇ. ಆರು ವರ್ಷ. ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು ಸಮೃದ್ಧಿ. ದಿನ ತುಂಬುವ ಮೊದಲೇ ಹುಟ್ಟಿದಳು, ಒಂದು ಕಿಲೋ ನೂರು ಗ್ರಾಂ. ಅಡ್ಡಹೆಸರು ಇಡುವಾಗ ನಮ್ಮವರು ಅದರಲ್ಲೂ ಮುಕ್ಕಾಲು ಪಾಲು ಕಡಿತ ಮಾಡಿದರು. (ನಾನೇನೂ ಕಮ್ಮಿಯಲ್ಲ. ಅವತ್ತು ಫೋನ್ ಮಾಡಿ ಮೊದಲು ಕೇಳಿದ್ದು "ತೂಕ ಎಷ್ಟೈತಿ?" ಅಂತಲೇ. ತಾಯಿ ಹೇಗಿದ್ದಾಳೆ ಅನ್ನುವುದು ಆಮೇಲೆ ನೆನಪಾಯಿತು.)

ಮುತ್ಯಾ, ಅಂದರೆ ಅಜ್ಜ, ಕರೆದ ಕೂಡಲೇ ನೂಲಿನ ಗಂಟು ತೂಗುವ ಆ ಕಾಟಾದ ಮೇಲೆ ಹುಡುಗಿ ಬಂದು ನಿಂತಳು. ಕೈ ಪಕ್ಕಕ್ಕೆ, ಮೂಗಿನ ಮೇಲೆ ದಪ್ಪ ಕನ್ನಡಕ. ಪಾಪ, ರೂಢಿಯಾಗಿಬಿಟ್ಟಿದೆ.

"ಹದಿನೈದ ಕಿಲೋ! ನೋಡ ಶಾಂತಾ, ಹೆಂಗ ಗಟ್ಟಿಮುಟ್ಟ ಆಗ್ಯಾಳ!"

"ಛಲೋ ಆತು. ಹಂಗಾರ ಈ ವರ್ಷ ಸಾಲಿಗೆ ಹಾಕ್ತೀರಲ್ಲ?" ಎಂದೆ.

ಅಣ್ಣನ ಮುಖ ಸಣ್ಣದಾಯಿತು. "ಏ, ಈ ವರ್ಷ ಬ್ಯಾಡ. ಅಶಕ್ತ ಕೂಸು. ಬುದ್ಧಿ ಇನ್ನ ಬಲತಿಲ್ಲ. ಮನ್ಯಾಗ ಇರಲಿ."

ಗಮನಿಸಿ. ಅರ್ಧ ನಿಮಿಷದಲ್ಲಿ ಗಟ್ಟಿಮುಟ್ಟ ಹುಡುಗಿ ಅಶಕ್ತ ಕೂಸಾದಳು! ಯಾವ ಡಾಕ್ಟರಿಗೂ ಸಾಧ್ಯವಾಗದ ಬದಲಾವಣೆ. ಇದು ಇವತ್ತಿನದೂ ಅಲ್ಲ. ಇಂಥ ಮಕ್ಕಳ ನಡಿಗೆ, ಮಾತು, ಕಣ್ಣು, ಕಿವಿ, ಕಲಿಕೆ ಎಲ್ಲವನ್ನೂ ವರ್ಷಗಟ್ಟಲೆ ನೋಡುತ್ತಿರಬೇಕು, ಕರೆದುಕೊಂಡು ಬರುತ್ತಿರಿ ಅಂತ ಡಾಕ್ಟರು ಹೇಳಿದ್ದರು. ಸೊಸೆ ಸಾವಿತ್ರಿ ಹೊರಟಾಗಲೆಲ್ಲ ಅಣ್ಣನದು ಒಂದೇ ಮಾತು: "ಉಣ್ಣಾಕತ್ತಾಳ, ಕುಣ್ಯಾಕತ್ತಾಳ, ದವಾಖಾನಿ ಯಾಕ?" ದವಾಖಾನೆಗೆ ಗಟ್ಟಿ, ಶಾಲೆಗೆ ಅಶಕ್ತ. ಎಷ್ಟು ಅನುಕೂಲದ ಕೂಸು ನೋಡಿ!

ಹೀಗೆ ಎರಡು ಸಲ ಹೋಗುವುದು ತಪ್ಪಿತು. ಆ ಹೊತ್ತಿಗೆ ಹುಡುಗಿ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತಿದ್ದಳು. ಅಕ್ಷರ ಗುರುತು ಹಿಡಿಯುತ್ತಿರಲಿಲ್ಲ. "ತಲಿ ಓಡಂಗಿಲ್ಲ" ಎಂದು ಮನೆಯೆಲ್ಲ ತೀರ್ಪು ಕೊಟ್ಟಾಯಿತು. ಸಾವಿತ್ರಿ ಜಗಳ ಮಾಡಿ ಕರೆದೊಯ್ದಾಗ ಗೊತ್ತಾಯಿತು, ತಲೆ ಓಡುತ್ತಿತ್ತು, ಕಣ್ಣು ಕಾಣುತ್ತಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಬರೆಯುವಾಗ ಅವಳ ಕೈ ಈಗಲೂ ನಿಧಾನ. ಬೇಗ ದಣಿಯುತ್ತಾಳೆ. ಆದರೆ ಶಾಲೆಗೆ ಹಾಕಿ, ಮುಂದಿನ ಸಾಲಲ್ಲಿ ಕೂರಿಸಿ, ಅವಸರ ಮಾಡಬೇಡಿ ಎಂದು ಡಾಕ್ಟರೇ ಹೇಳಿದ್ದಾರೆ. ಕೇಳುವವರು ಯಾರು? ಕಾಟಾ ಏನು ಹೇಳುತ್ತದೋ ಅದೇ ವೇದ.

ಸಾವಿತ್ರಿ ಚಹಾ ತಂದಿಟ್ಟಳು. ಗಂಡ ಅಪ್ಪನ ಮುಂದೆ ಬಾಯಿ ಬಿಡುವವನಲ್ಲ, ಲೂಮಿನ ಹಿಂದೆ ಅಡಗಿದ್ದ. ಅವಳೇ ಬಾಯಿ ಬಿಟ್ಟಳು.

"ಮಾವಾರ, ಒಂದ ಕೇಳ್ತೀನ್ರಿ. ಸಣ್ಣ ನೂಲ ಏರಿಸಿದಾಗ ಪದೇ ಪದೇ ಹರೀತೈತಿ. ಆಗ ಏನ ಮಾಡ್ತೀರಿ?"

"ಏನ ಮಾಡೂದು? ಮಗ್ಗದ ಮುಂದನ ನಿಂದರಬೇಕು. ಹರದಲ್ಲೆ ಗಂಟ ಹಾಕಬೇಕು. ನಿಧಾನ ನಡಸಬೇಕು."

"ನೂಲ ಬಲೀಲಿ ಅಂತ ಒಂದ ವರ್ಷ ಮೂಲ್ಯಾಗ ಇಡಂಗಿಲ್ಲಲ್ಲರಿ?"

ಅಣ್ಣ ಚಹಾ ಬಸಿಗೆ ಸುರಿದುಕೊಂಡ. ಊದಿದ. ಮತ್ತೆ ಊದಿದ. ಕುಡಿಯಲಿಲ್ಲ. ಮೈ ಉರಿಯುತ್ತಿದ್ದ ನನಗೂ ಆ ಕ್ಷಣ ಅವನ ಮೇಲೆ ಕನಿಕರ ಬಂತು. ಆರು ವರ್ಷ ಆ ಕಾಟಾ ನೋಡಿದ್ದು ಹೆದರಿಕೆಯಿಂದಲೇ ಇರಬೇಕು. ಆದರೆ ನಮ್ಮ ಹೆದರಿಕೆಗೆ ಆ ಕೂಸು ಯಾಕೆ ಮನೆಯಲ್ಲಿ ಕೂರಬೇಕು?

"ನಾಳಿ ಎಷ್ಟಕ್ಕ ತಗೀತೈತಿ ಸಾಲಿ?" ಎಂದ ಕಡೆಗೆ.

ಸೋಮವಾರ ಅಣ್ಣ, ಸಾವಿತ್ರಿ, ಹುಡುಗಿ, ನಾನು, ನಾಲ್ವರೂ ಶಾಲೆಗೆ ಹೋದೆವು. ಹೆಡ್‌ಮೇಡಂ ಅರ್ಜಿ ತೆಗೆದರು. ಪೆನ್ನು ಹಿಡಿದಿದ್ದೇ ತಡ, ಅಣ್ಣ ಶುರು ಮಾಡಿದ: "ಹುಟ್ಟಿದಾಗ ಬರೇ ಒಂದ ಕಿಲೋ ನೂರ ಗ್ರಾಂ ಇತ್ತರಿ…"

"ಅದಕ್ಕ ಇದರಾಗ ಕಾಲಂ ಇಲ್ಲ ಅಜ್ಜಾರ. ಹೆಸರ ಹೇಳ್ರಿ."

"ನಮ್ಮ ಪಾವ…" ಅಣ್ಣ ನಾಲಿಗೆ ಕಚ್ಚಿಕೊಂಡ. ಆರು ವರ್ಷ ಬಳಸದ ಹೆಸರು ಬಾಯಿಗೆ ಬರಬೇಕಲ್ಲ! ಸಾವಿತ್ರಿ ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಮೇಜಿನ ಹತ್ತಿರ ಹೋದಳು. ಕನ್ನಡಕ ಮೇಲೆ ಸರಿಸಿಕೊಂಡಳು.

"ಸಮೃದ್ಧಿರಿ. ಬರಕೋರಿ. ನಮ್ಮ ಮುತ್ಯಾಗ ಇನ್ನ ಬರಂಗಿಲ್ಲರಿ."

ಈಗ ಹೇಳಿ, ಬುದ್ಧಿ ಬಲಿಯಲಿ ಅಂತ ಒಂದು ವರ್ಷ ಮನೆಯಲ್ಲಿ ಕೂರಬೇಕಾದವರು ಯಾರು?